ಹೋದರೂ ಏರು, ಬಂದರೂ ಏರು

ಲಕ್ಷ್ಮೇಶ್ವರದ ಸರ್ವೇ ಮಾಸ್ತರರು ಮಧ್ಯಾಹ್ನದ ಬಸ್ಸಿಗೆ ಗದಗಕ್ಕೆ ಬಂದು, ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗಲಚೀಲದಿಂದ ಉದ್ದನೆಯ ಕಾಗದದ ಸುರುಳಿ ತೆಗೆದು ನನ್ನ ಮೇಜಿನ ಮೇಲೆ ಹಾಸಿದರು.

"ಬಾಯಾರ, ಸಿಟ್ಟಿಗೇಳಬ್ಯಾಡ್ರಿ," ಎಂದರು. "ನಿಮ್ಮ ಕಂಪೈಲರ್ ಹೇಳೂ ಪ್ರಕಾರ ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋದ್ರೂ ಏರು, ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕ ಬಂದ್ರೂ ಏರು. ಇಷ್ಟು ವರ್ಷ ಆ ದಾರ್ಯಾಗ ಸೈಕಲ್ ಹೊಡದೇನಿ. ಪೆಡಲ್ ತುಳೀಲಾರದನ ಎಷ್ಟ ಕಡೆ ಇಳದೇನಿ!"

ನಾನು ನಕ್ಕೆ. ಅವರು ನಗಲಿಲ್ಲ. ಹುಡುಗರಿಗೆ ಭೂಮಾಪನ ಕಲಿಸುವವರು ಅವರು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು, ಅಳತೆಯ ಕೋಲು ಹಿಡಿಸಿ, ಆ ರಸ್ತೆಯ ಏರಿಳಿತ ಅಳೆಸುತ್ತಿದ್ದರು. ಆ ಸಲ ಲೆಕ್ಕವನ್ನು ಲಕ್ಷ್ಮೇಶ್ವರದ ತಮ್ಮ ಕಂಪ್ಯೂಟರಿನಲ್ಲಿ, ನಾವು ಕೊಟ್ಟ ಕಂಪೈಲರ್ ಬಳಸಿ ಮಾಡಲು ತಾವೇ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದರು. ಕಾಗದದ ಮೇಲೆ ಮೇಲಿನಿಂದ ಕೆಳಕ್ಕೆ ಎರಡು ಉದ್ದ ಸಾಲು ಅಚ್ಚಾಗಿದ್ದವು. ಮೊದಲ ಸಾಲಿನಲ್ಲಿ ಒಂದೊಂದು ಜಾಗದ ಎತ್ತರ. ಅದು ಸರಿ ಇತ್ತು; ಕೆಲವು ಕಡೆ ಹೆಚ್ಚುತ್ತಿತ್ತು, ಕೆಲವು ಕಡೆ ಕಡಿಮೆಯಾಗುತ್ತಿತ್ತು. ಪಕ್ಕದ ಸಾಲಿನಲ್ಲಿ 'ಏರು' ಅಥವಾ 'ಇಳಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರಬೇಕಿತ್ತು. ಮೇಲಿನಿಂದ ಕೆಳಗಿನವರೆಗೆ ಬರೀ 'ಏರು' ಎಂದಿತ್ತು. ಎತ್ತರ ಕಡಿಮೆಯಾದ ಕಡೆಯೂ ಏರು.

"ನಿಮ್ಮ ಪ್ರೋಗ್ರಾಮಿನ್ಯಾಗ ಏನರೆ ತಪ್ಪಿರಬೇಕ್ರಿ," ಎಂದೆ.

"ಇರಬಹುದು. ನೀವ ನೋಡ್ರಿ," ಎಂದು ಹದಿನೆಂಟು ಸಾಲಿನ ಒಂದು ಹಾಳೆ ಕೊಟ್ಟರು.

ನೋಡಿದೆ. ಎಲ್ಲಿಯೂ ತಪ್ಪಿರಲಿಲ್ಲ. ಈಗಿನ ಎತ್ತರದಲ್ಲಿ ಹಿಂದಿನದನ್ನು ಕಳೆದು ಬಂದ ವ್ಯತ್ಯಾಸ ಸೊನ್ನೆಗಿಂತ ಕಡಿಮೆಯಾದರೆ 'ಇಳಿ' ಎನ್ನು, ಇಲ್ಲವಾದರೆ 'ಏರು' ಎನ್ನು. ಅಷ್ಟೇ. ಹೈಸ್ಕೂಲಿನ ಹುಡುಗಿಗೂ ತಿಳಿಯುವಂಥದ್ದು. ಅಂದಿನಿಂದ ನನ್ನ ತಲೆ ಕೆಡಲು ಶುರುವಾಯಿತು. ನಿಜ ಹೇಳಬೇಕೆಂದರೆ ಅದು ಇನ್ನೂ ಪೂರ್ತಿ ಸರಿಯಾಗಿಲ್ಲ.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗದಗದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಬೆಟಗೇರಿಯಲ್ಲಿ. ನನ್ನ ಗಂಡನದು ಸ್ಟೇಶನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಕಾಲೇಜಿಗೆ ಒಂದು ಕಂಪ್ಯೂಟರ್ ಬಂದಾಗ ಅದಕ್ಕೆ ಕರೆಂಟಿನ ಏರುಪೇರು ತಾಗದಂತೆ ನೋಡಿಕೊಳ್ಳಲು ಯಾರಾದರೂ ಬೇಕಾಗಿದ್ದರು. ಪ್ರಿನ್ಸಿಪಾಲರು ಅವರನ್ನು ಕರೆಸಿದರು. ಹೀಗೆ ಮಧ್ಯಾಹ್ನ ಎರಡರಿಂದ ಐದರವರೆಗೆ, ಕರೆಂಟ್ ಇದ್ದ ದಿನ, ನಾವಿಬ್ಬರೂ ಆ ಯಂತ್ರದ ಮುಂದೆ ಕೂಡುವಂತಾಯಿತು.

ಯಂತ್ರವೇನೋ ಇತ್ತು. ಅದಕ್ಕೆ ಹೇಳಿದ್ದನ್ನು ತಿಳಿಸುವ ಸಾಧನ ಇರಲಿಲ್ಲ. ಮನುಷ್ಯರು ಓದಬಲ್ಲ ಹಾಗೆ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿ ಕೊಡುವುದಕ್ಕೆ ಕಂಪೈಲರ್ ಅನ್ನುತ್ತಾರೆ. ಕೊಳ್ಳುವ ಕಂಪೈಲರನ್ನು ಕಾಲೇಜು ಕೊಡಿಸುವಂತಿರಲಿಲ್ಲ. ರದ್ದಿ ಅಂಗಡಿಯಿಂದ ನನ್ನ ಗಂಡ ತಂದ ಒಂದು ಪರದೇಶದ ಪತ್ರಿಕೆಯಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆಯ ಪುಟ್ಟ ಕಂಪೈಲರ್ ಒಂದು ಮೂಲಬರಹದ ಸಮೇತ, ಅಂದರೆ ಮನುಷ್ಯರು ಓದಬಲ್ಲ ಸಾಲುಗಳ ರೂಪದಲ್ಲೇ, ಅಚ್ಚಾಗಿತ್ತು. ಇದನ್ನು ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ಇನ್ನೊಬ್ಬರಿಗೆ ಕೊಡಿ ಎಂದು ಬರೆದವರು ಕೊನೆಯಲ್ಲಿ ಹೇಳಿದ್ದರು. ಹಾಗೆ ಕೊಡುವುದಕ್ಕೆ ಮುಕ್ತ ತಂತ್ರಾಂಶ ಎಂಬ ಹೆಸರಿದೆಯೆಂದು ಆಗ ನಮಗೆ ಗೊತ್ತಿರಲಿಲ್ಲ. ಎರಡು ತಿಂಗಳು ಕೂತು ನಾನು ಅದನ್ನೆಲ್ಲ ಟೈಪ್ ಮಾಡಿದೆ.

ಆಮೇಲೆ ಒಂದು ತೊಡಕು ಎದುರಾಯಿತು. ಆ ಕಂಪೈಲರನ್ನು ಬರೆದದ್ದೂ ಸಿ ಭಾಷೆಯಲ್ಲೇ. ಅಂದರೆ ಅದನ್ನು ಯಂತ್ರಕ್ಕೆ ತಿಳಿಸಲು ಇನ್ನೊಂದು ಕಂಪೈಲರ್ ಬೇಕು. ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಅಂಥದ್ದಿತ್ತು. ಗಂಡನ ಗೆಳೆಯರೊಬ್ಬರು ಒಂದೇ ಒಂದು ಸಲ, ಊಟದ ಬಿಡುವಿನಲ್ಲಿ, ಅದರಿಂದ ನಮ್ಮದನ್ನು ಮಾಡಿಕೊಟ್ಟರು. ಅಲ್ಲಿಂದ ಮುಂದೆ ನಮ್ಮ ಕಂಪೈಲರ್ ತನ್ನನ್ನು ತಾನೇ ಮಾಡಿಕೊಳ್ಳತೊಡಗಿತು. ಮೂಲಬರಹದಲ್ಲಿ ಏನಾದರೂ ತಿದ್ದಿದರೆ, ಹಳೆಯ ಕಂಪೈಲರಿಗೆ ಅದನ್ನು ಉಣಿಸುವುದು. ಅದು ಹೊಸ ಕಂಪೈಲರನ್ನು ಹೊರಗೆ ಹಾಕುವುದು.

ಖಾಲಿ ಫ್ಲಾಪಿ ಕಳಿಸಿದವರಿಗೆಲ್ಲ ಅದರಲ್ಲಿ ಕಂಪೈಲರ್ ತುಂಬಿಸಿ ಕಳಿಸುತ್ತಿದ್ದೆವು. ಆರೇಳು ಮಂದಿ ಇದ್ದರು. ಅವರು ತಪ್ಪು ಕಂಡರೆ ಕಾರ್ಡ್ ಬರೆಯುತ್ತಿದ್ದರು. ನಾವು ತಿದ್ದಿ ಮತ್ತೆ ಕಳಿಸುತ್ತಿದ್ದೆವು. ಅದರ ಜೊತೆಗೆ ನನ್ನ ಗಂಡ ಒಂದು ಡೀಬಗ್ಗರ್ ಕೂಡ ಬರೆದಿದ್ದರು. ರೇಡಿಯೋದ ಒಂದೊಂದು ಜಾಗಕ್ಕೂ ಮೀಟರಿನ ಕಡ್ಡಿ ಮುಟ್ಟಿಸಿ ನೋಡುವ ಹಾಗೆ, ಓಡುತ್ತಿರುವ ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ, ನಿಲ್ಲಿಸಿ, ಒಳಗಿನ ಸಂಖ್ಯೆಗಳನ್ನು ತೋರಿಸುವ ಸಾಧನ ಅದು. ಅದನ್ನೂ ನಮ್ಮ ಕಂಪೈಲರಿನಿಂದಲೇ ಮಾಡಿದ್ದು.

ಸರ್ವೇ ಮಾಸ್ತರರ ಪ್ರೋಗ್ರಾಮನ್ನು ಮರುದಿನ ಡೀಬಗ್ಗರಿನಲ್ಲಿ ನಡೆಸಿದೆವು. ವ್ಯತ್ಯಾಸ ಎಷ್ಟು? ಮೈನಸ್ ಮೂರು. ಸರಿ. ಅದು ಸೊನ್ನೆಗಿಂತ ಕಡಿಮೆಯೋ? ಅಲ್ಲ ಎಂದು ಯಂತ್ರ 'ಏರು' ಕಡೆಗೆ ಹೋಯಿತು.

"ಇನ್ನೊಮ್ಮಿ ನಡಸ್ರಿ," ಎಂದೆ.

ನಡೆಸಿದರು. ಮತ್ತೆ ಅದೇ. ಮೈನಸ್ ಮೂರು ಎಂದು ತಾನೇ ತೋರಿಸುತ್ತಿದೆ. ಅದು ಸೊನ್ನೆಗಿಂತ ಕಡಿಮೆಯಲ್ಲ ಎಂದೂ ತಾನೇ ಹೇಳುತ್ತಿದೆ.

ಯಂತ್ರದೊಳಗೆ ಮೈನಸ್ ಮೂರಕ್ಕೂ ಅರವತ್ತೈದು ಸಾವಿರದ ಐದುನೂರ ಮೂವತ್ಮೂರಕ್ಕೂ ಒಂದೇ ಗುರುತು. ಯಾವುದೆಂದು ಓದುವವರು ತಿಳಿದುಕೊಳ್ಳಬೇಕು. ಹೋಲಿಸುವಾಗ ಮೈನಸ್ ಚಿಹ್ನೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಕಂಪೈಲರ್ ಮೊದಲೇ ತೀರ್ಮಾನಿಸಿಕೊಡುತ್ತದೆ. ನಮ್ಮದು ಯಾವಾಗಲೂ 'ಬೇಡ' ಎಂದು ತೀರ್ಮಾನಿಸುತ್ತಿದೆ ಎಂದು ಮೂರನೆಯ ದಿನ ಗೊತ್ತಾಯಿತು. ಖುಷಿಯಾಯಿತು. ಮೂಲಬರಹದಲ್ಲಿ ಆ ಜಾಗವನ್ನು ತೆಗೆದು ನೋಡಿದೆ. ಅಲ್ಲಿ ಎಲ್ಲವೂ ಸರಿಯಾಗಿತ್ತು. ಹೋಗಲಿ ಎಂದು ಕಂಪೈಲರನ್ನು ಹೊಸದಾಗಿ ಮಾಡಿದೆ. ಏರು. ಮತ್ತೆ ಮಾಡಿದೆ. ಏರು. ಮೂರನೆಯ ಸಲವೂ ಏರು.

"ಯಂತ್ರದ ಚಿಪ್ ಕೆಟ್ಟಿರಬೇಕು," ಎಂದರು ನನ್ನ ಗಂಡ.

"ಹಂಗಂದ್ರ ಲಕ್ಷ್ಮೇಶ್ವರದ್ದೂ ಕೆಟ್ಟೈತೇನ್ರಿ? ಎರಡೂ ಒಂದ ಸಲ, ಒಂದ ಜಾಗಾದಾಗ?"

 ಅವರು ಡೀಬಗ್ಗರಿನ ಮೇಲೆ ಅನುಮಾನ ಪಟ್ಟು, ಅದು ಇನ್ನಷ್ಟು ವಿವರ ತೋರಿಸುವ ಹಾಗೆ ಎರಡು ಸಾಲು ಸೇರಿಸಿ, ಹೊಸದಾಗಿ ಕಂಪೈಲ್ ಮಾಡಿದರು. ಈಗ ಅದು ಮೈನಸ್ ಮೂರು ಎಂದು ತೋರಿಸುವುದನ್ನೇ ಬಿಟ್ಟು ಅರವತ್ತೈದು ಸಾವಿರದ ಐದುನೂರ ಮೂವತ್ಮೂರು ಎಂದು ತೋರಿಸಿತು. ಗಾಬರಿಯಾಗಿ ಆ ಎರಡು ಸಾಲು ಕಿತ್ತುಹಾಕಿ ಮೊದಲಿದ್ದಂತೆಯೇ ಮಾಡಿ ಮತ್ತೆ ಕಂಪೈಲ್ ಮಾಡಿದರು. ಆಗಲೂ ಅರವತ್ತೈದು ಸಾವಿರವೇ. ನಿನ್ನೆಯವರೆಗೆ ಸರಿಯಿದ್ದದ್ದು, ಒಂದಕ್ಷರ ಬದಲಾಗದೆ, ಇಂದು ತಪ್ಪಾಗಿತ್ತು.

ಅವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ಮೀಟರ್ ಕೆಟ್ಟರ ರೇಡಿಯೋ ನೋಡೂದು ಹೆಂಗ?" ಎಂದರು. ನನಗಲ್ಲ, ಹೊರಗಿನ ಬೇವಿನ ಗಿಡಕ್ಕೆ ಕೇಳಿದ ಹಾಗಿತ್ತು.

ಆ ವಾರ ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಸೊನ್ನೆಗಿಂತ ಮೈನಸ್ ಮೂರು ದೊಡ್ಡದೆಂದು ಬರೆದೆ. ಹಿಂದಿನ ಬೆಂಚಿನಿಂದ ನಗು ಬಂತು. ತಿರುಗಿ ನೋಡಿದೆ, ಹಲಗೆ ನೋಡಿದೆ. ಒಂದು ಕ್ಷಣ, ಅವರು ಯಾಕೆ ನಗುತ್ತಿದ್ದಾರೆಂದು ನನಗೆ ಖರೆಯಾಗಿಯೂ ತಿಳಿಯಲಿಲ್ಲ.

ನಮ್ಮ ಕಂಪೈಲರ್ ಪಡೆದವರಲ್ಲಿ ಒಬ್ಬರು ಮುಂಡರಗಿಯವರಿದ್ದರು. ತಾರ್ ಆಫೀಸಿನಲ್ಲಿ, ಅಂದರೆ ಟೆಲಿಗ್ರಾಮ್ ಕಳಿಸುವಲ್ಲಿ, ನೌಕರಿ ಮಾಡಿ ನಿವೃತ್ತರಾದವರು, ಎಪ್ಪತ್ತರ ಹತ್ತಿರದ ವಯಸ್ಸು. ಊರಿನವರೆಲ್ಲ ಅವರನ್ನು ತಾರ್ ಸಾಹೇಬರು ಅನ್ನುತ್ತಿದ್ದರು. ಅವರ ಬಳಿ ಕಂಪ್ಯೂಟರ್ ಇರಲಿಲ್ಲ. ಒಂದನ್ನು ಕಣ್ಣಿನಿಂದ ನೋಡಿಯೂ ಇರಲಿಲ್ಲ. ನನ್ನ ಗಂಡನ ಅಂಗಡಿಗೆ ರೇಡಿಯೋ ತಂದಾಗ ಈ ಕಂಪೈಲರಿನ ಮಾತು ಕೇಳಿ, ತಮಗೂ ಒಂದು ಪ್ರತಿ ಬೇಕೆಂದಿದ್ದರು. ಎಲ್ಲರಿಗೂ ಕೊಟ್ಟಂತೆ ಅವರಿಗೂ ಒಂದು ಫ್ಲಾಪಿ, ಅದರ ಮೂಲಬರಹ ಅಚ್ಚಾದ ಕಾಗದದ ಕಂತೆ ಕೊಟ್ಟೆವು. ಅವರು ಕಾಗದವನ್ನು ಓದಿಯೇ ತಪ್ಪು ಹುಡುಕಿ ಪತ್ರ ಬರೆಯುತ್ತಿದ್ದರು. ಮೂರು ಸಲ ಬರೆದದ್ದರಲ್ಲಿ ಎರಡು ಸಲ ಅವರ ಮಾತೇ ಸರಿ ಇತ್ತು. ತಿದ್ದಿದ ಹೊಸ ಪ್ರತಿ ಬಂದಾಗಲೆಲ್ಲ ಕಾಗದ ಇಟ್ಟುಕೊಂಡು ಫ್ಲಾಪಿಯನ್ನು ಹಿಂದಕ್ಕೆ ಕಳಿಸುತ್ತಿದ್ದರು. "ಮೊದಲಿನ ಫ್ಲಾಪಿ ಹಾಗೇ ಇದೆ, ಇನ್ನೊಂದು ಬೇಡ" ಎಂದು ಸೊಗಸಾದ ಅಕ್ಷರದಲ್ಲಿ ಒಂದು ಚೀಟಿ ಇರುತ್ತಿತ್ತು.

ದಿಕ್ಕು ತೋಚದೆ ಅವರಿಗೇ ಬರೆದೆ. ಹನ್ನೊಂದು ದಿನಗಳ ನಂತರ ಉತ್ತರ ಬಂತು. "ನೀವು ಹೇಳಿದ ಪುಟವನ್ನು ಕೈಯಿಂದ ನಡೆಸಿ ನೋಡಿದೆ. ಮೈನಸ್ ಮೂರು ಕೊಟ್ಟರೆ 'ಇಳಿ' ಕಡೆಗೇ ಹೋಗುತ್ತದೆ. ಕಾಗದದಲ್ಲಿ ದೋಷವಿಲ್ಲ. ಆದ್ದರಿಂದ ನಿಮ್ಮ ಯಂತ್ರದಲ್ಲಿ ಓಡುತ್ತಿರುವುದು ಈ ಕಾಗದವಲ್ಲ."

ಆ ಪತ್ರ ನನಗೆ ಸಿಟ್ಟು ತರಿಸಿತು. ಈ ಕಾಗದವಲ್ಲದೆ ಮತ್ತಾವುದು? ನಾನೇ ಉಣಿಸಿದ್ದೆ, ನನ್ನ ಕೈಯಿಂದ.

ಅದೇ ವಾರ ಮನೆಯಲ್ಲಿ ಮೊಸರು ಕೆಟ್ಟಿತ್ತು. ಎತ್ತಿದರೆ ದಾರದ ಹಾಗೆ ಜೋತುಬೀಳುವ ಮೊಸರು. ನಮ್ಮ ಅತ್ತೆ ಹಾಲು ಬದಲಿಸಿದರು, ಗಡಿಗೆ ಬದಲಿಸಿದರು, ಸುಡುನೀರಲ್ಲಿ ತೊಳೆದರು. ಬೆಳಿಗ್ಗೆ ನೋಡಿದರೆ ಮತ್ತೆ ಅದೇ. ನಾಲ್ಕನೆಯ ದಿನ ನಾನು ಕಾಲೇಜಿಗೆ ಹೊರಟಾಗ ಕೈಗೆ ಒಂದು ವಾಟಗ, ಪುಟ್ಟ ಬಟ್ಟಲು, ಕೊಟ್ಟರು.

"ಬಾಜೂ ಮನ್ಯಾಗ ಒಂದೀಟು ಹೆಪ್ಪು ಇಸಗೊಂಡು ಬಾ."

"ಮನ್ಯಾಗ ಮೊಸರು ಐತೆಲ್ಲರಿ, ಅತ್ತಿ."

"ಅದರದ ರೋಗ. ಹಾಲು ಛಲೋ ಐತಿ, ಗಡಿಗಿ ಛಲೋ ಐತಿ. ನಿನ್ನಿ ಮೊಸರು ಕೆಟ್ಟಿದ್ರ ಇವತ್ತಿಂದು ಹೆಂಗ ಛಲೋ ಆಗತೈತಿ? ನಾಳಿಗೂ ಅದ, ನಾಡದ್ದಿಗೂ ಅದ."

ಬಾಜೂ ಮನೆಯಿಂದ ಹೆಪ್ಪು ತಂದುಕೊಟ್ಟು ಸಿಟಿ ಬಸ್ ಹತ್ತಿದೆ. ದಾರಿಯಲ್ಲಿ ಅಂಗಡಿಗೆ ಹೋಗಿ ಗಂಡನಿಗೆ ಇದನ್ನು ಸುಮ್ಮನೆ ಮಾತಿಗೆ ಹೇಳಿದೆ. ಅವರು ಬೆಸುಗೆ ಹಾಕುತ್ತಿದ್ದರು. ಕಾದ ಕಡ್ಡಿಯನ್ನು ಎತ್ತಿ ಹಿಡಿದು ನನ್ನನ್ನೇ ನೋಡುತ್ತ ಕೂತರು.

"ಅಂದ್ರ, ಮೂಲಬರಹ ಹಾಲು," ಎಂದರು ನಿಧಾನಕ್ಕೆ. "ನಾವು ಹಾಲು ನೋಡಾಕತ್ತೇವಿ. ಹೆಪ್ಪು ಹಾಕೂ ಕಂಪೈಲರ್ ಕೆಟ್ಟೈತಿ."

"ಅದನ್ನ ಹೊಸಾದು ಮಾಡೇವೆಲ್ಲರಿ, ಮೂರು ಸಲ?"

"ಯಾತರಿಂದ ಮಾಡಿದಿ?"

ಕೆಟ್ಟದ್ದರಿಂದಲೇ ಮಾಡಿದ್ದೆ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಆಮೇಲೆ ಅವರೇ ಕೇಳಿದರು: "ಹಂಗಾದ್ರ, ನಮ್ಮ ಬಾಜೂ ಮನಿ ಯಾವುದು?"

ಹುಬ್ಬಳ್ಳಿಯ ಆಫೀಸಿನ ಆ ಯಂತ್ರ ಹೋಗಿ ಬೇರೆ ಬಂದಿತ್ತು. ಉಳಿದವರೆಲ್ಲ ಹೊಸ ಪ್ರತಿ ಬಂದಾಗ ಅದೇ ಫ್ಲಾಪಿಯ ಮೇಲೆ ಬರೆಸಿಕೊಂಡವರು. ಹಳೆಯದನ್ನು ಹಾಗೇ ಇಟ್ಟುಕೊಂಡವರು, ಅದನ್ನು ಉಪಯೋಗಿಸಲು ಬಾರದವರು, ಒಬ್ಬರೇ.

ರವಿವಾರ ಮುಂಡರಗಿಯ ಬಸ್ ಹತ್ತಿದೆ. ತಾರ್ ಸಾಹೇಬರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಒಂದು ಮಣೆ ಇತ್ತು. ಅದರ ಮೇಲೆ ಸುಣ್ಣದ ಕಡ್ಡಿಯಿಂದ ಚೌಕಗಳನ್ನು ಬರೆದು, ಕೆಲವು ಚೌಕಗಳಲ್ಲಿ ಕಡಲೆಕಾಳು ಇಟ್ಟಿದ್ದರು. ಇದೇನೆಂದು ಕೇಳಿದೆ.

"ನಿಮ್ಮ ಯಂತ್ರ ಲೆಕ್ಕ ನೆನಪಿಡೂ ಜಾಗ, ತಂಗಿ," ಎಂದರು. "ಕಾಗದ ಏನ ಹೇಳತೈತೋ ಹಂಗ ಕಾಳು ಸರಸತೇನಿ. ಮೊಮ್ಮಗಳು ಒಂದೆರಡು ತಿಂದಳಂದ್ರ ಮತ್ತ ಮೊದಲಿಂದ ಸುರು."

ಹನ್ನೊಂದು ದಿನ ಅವರು ಮಾಡಿದ್ದು ಅದನ್ನೇ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಬಂದ ಕಾರಣ ಹೇಳಿದೆ. ಅವರು ಒಳಗಿನಿಂದ ಒಂದು ಬಿಸ್ಕೀಟಿನ ಡಬ್ಬಿ ತಂದರು. ಅದರಲ್ಲಿ ಅಕ್ಕಿ ತುಂಬಿ, ಅಕ್ಕಿಯ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫ್ಲಾಪಿ ಇಟ್ಟಿದ್ದರು. ತೇವ ಹಿಡಿಯಬಾರದೆಂದು ಅಕ್ಕಿ.

"ನಿಮಗ ಇದು ಉಪಯೋಗಕ್ಕ ಬರೂದಿಲ್ಲಂತ ಗೊತ್ತಿದ್ದೂ ಇಷ್ಟು ಜ್ವಾಕಿ ಯಾಕ ಮಾಡಿದ್ರಿ, ಸಾಹೇಬ್ರ?"

"ನನಗ ಕೊಟ್ಟದ್ದಲ್ಲೇನು? ಇನ್ನೊಬ್ಬರ ತಾರು ಇದ್ದಂಗ. ಅರ್ಥ ಆಗಲಿ ಬಿಡಲಿ, ಕೆಡಬಾರದು."

ಅವರ ಮನೆಯವರು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿ ಉಣಿಸದೆ ಕಳಿಸಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಾನು ನಿಂತೇ ಬಂದೆ. ಖಾಲಿಯಿದ್ದ ಸೀಟಿನ ಪಕ್ಕದಲ್ಲೇ ಹಾಡು ಹಾಕುವ ಸ್ಪೀಕರ್ ಇತ್ತು; ಅದರ ಅಯಸ್ಕಾಂತಕ್ಕೆ ಫ್ಲಾಪಿ ಕೆಡುತ್ತದೆಂದು ಗಂಡ ಹೇಳಿ ಕಳಿಸಿದ್ದರು. ಕಂಡಕ್ಟರ್ ಎರಡು ಸಲ ಕೂಡಲು ಹೇಳಿದ. ಮೂರನೆಯ ಸಲ, "ಬಾಯಾರ, ಕಾಲಿಗೆ ಏನರೆ ಆಗೈತೇನ್ರಿ?" ಎಂದು ಮೆಲ್ಲಗೆ ಕೇಳಿದ.

ಸೋಮವಾರ ಮಧ್ಯಾಹ್ನ ಫ್ಲಾಪಿ ಹಾಕಿದೆವು. ಎರಡು ಸಲ ಓದಲಾಗುವುದಿಲ್ಲ ಎಂದಿತು. ನನ್ನ ಗಂಡ ಫ್ಲಾಪಿ ಓದುವ ಡ್ರೈವಿನ ತಲೆಯನ್ನು ಹತ್ತಿಯಿಂದ ಒರೆಸಿದರು. ಮೂರನೆಯ ಸಲ ಓದಿತು. ಆ ಹಳೆಯ ಕಂಪೈಲರಿಗೆ ನಮ್ಮ ಈಗಿನ ಮೂಲಬರಹವನ್ನು, ಒಂದು ಅಕ್ಷರವನ್ನೂ ಮುಟ್ಟದೆ, ಉಣಿಸಿದೆ. ಅದು ಕೊಟ್ಟ ಹೊಸ ಕಂಪೈಲರಿನಿಂದ ಸರ್ವೇ ಮಾಸ್ತರರ ಪ್ರೋಗ್ರಾಮನ್ನು ಮಾಡಿ ಓಡಿಸಿದೆವು. ಏರು, ಏರು, ಇಳಿ.

ನನ್ನ ಗಂಡ ಮೇಜಿಗೆ ಗುದ್ದಿದರು. ನನಗೆ ಮಾತ್ರ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಅದೇ ಪುಟಗಳು, ಅದೇ ಯಂತ್ರ, ಎರಡು ಉತ್ತರ.

ಕಾರಣ ಆಮೇಲೆ ಬಿಡಿಸಿಕೊಂಡೆವು. ಮೈನಸ್ ಚಿಹ್ನೆ ಹಿಡಿಯಬೇಕಾದ ಸಂಖ್ಯೆಗಳಿಗೆ ಕಂಪೈಲರ್ ತನ್ನೊಳಗೆ ಒಂದು ಗುರುತು ಇಟ್ಟುಕೊಳ್ಳುತ್ತಿತ್ತು. ಆ ಗುರುತೇ ಮೈನಸ್ ಒಂದು. ಅದು ಸೊನ್ನೆಗಿಂತ ಕಡಿಮೆಯೋ ಎಂದು ನೋಡಿಕೊಂಡು ಮುಂದಿನದನ್ನು ತೀರ್ಮಾನಿಸುತ್ತಿತ್ತು. ಎಂದೋ ಒಂದು ದಿನ ಆ ಸಾಲು ತಪ್ಪಾಗಿದ್ದಾಗ ನಾವು ಕಂಪೈಲರ್ ಮಾಡಿದ್ದೇವೆ. ಆಮೇಲೆ ಸಾಲು ತಿದ್ದಿದ್ದೇವೆ. ಆದರೆ ಅಷ್ಟರಲ್ಲಿ ಹುಟ್ಟಿದ್ದ ಕಂಪೈಲರಿಗೆ ಸೊನ್ನೆಗಿಂತ ಕಡಿಮೆ ಅಂದರೆ ಏನೆಂದೇ ಗೊತ್ತಿರಲಿಲ್ಲ. ಸರಿಯಾದ ಸಾಲನ್ನು ಓದಿದರೂ ಅದಕ್ಕೆ ತಿಳಿಯದು. ತನಗೆ ತಿಳಿಯದ್ದನ್ನು ತಾನು ಮಾಡಿದ ಕಂಪೈಲರಿಗೆ ಕೊಡಲೂ ಆಗದು. ಡೀಬಗ್ಗರನ್ನು ಅದರಿಂದ ಹೊಸದಾಗಿ ಮಾಡಿದ ದಿನ ಅದಕ್ಕೂ ಅದೇ ಗತಿಯಾಯಿತು.

ಆ ಸಾಲನ್ನು ತಪ್ಪಾಗಿ ಬರೆದವರು ಯಾರು? ಹಳೆಯ ಕಾಗದಗಳನ್ನೆಲ್ಲ ಹರಡಿದಾಗ ಒಂದು ಪುಟದಲ್ಲಿ ಆ ಜಾಗದ ಮೇಲೆ ಪೆನ್ಸಿಲ್ಲಿನಿಂದ ಗೀಚಿ, ಒರೆಸಿ, ಮತ್ತೆ ಮೊದಲಿನಂತೆ ಬರೆದ ಗುರುತು ಸಿಕ್ಕಿತು.

"ಇದು ನಿಮ್ಮ ಕೈ," ಎಂದೆ.

"ನಂದಲ್ಲ, ನಿಂದು. ನಾನು ಪೆನ್ಸಿಲ್ ಹಿಡದು ಎಷ್ಟು ವರ್ಷ ಆತು!"

ನಾನು ಬರೆದ ನೆನಪು ನನಗಿಲ್ಲ. ಅವರು ಸುಳ್ಳು ಹೇಳುವವರಲ್ಲ. ನಾನೂ ಅಲ್ಲ. ಅದೊಂದು ಮಾತು ನಮ್ಮ ನಡುವೆ ಹಾಗೆಯೇ ಉಳಿಯಿತು. ಜಗಳವಾಗಲಿಲ್ಲ, ತೀರ್ಮಾನವೂ ಆಗಲಿಲ್ಲ.

ಎಲ್ಲರಿಗೂ ಹೊಸ ಫ್ಲಾಪಿ ಕಳಿಸಿದೆವು. ಜೊತೆಗೆ ಏನಾಯಿತೆಂದು ಒಂದು ಪತ್ರ. ಅದನ್ನು ಐದು ಸಲ ಹರಿದು ಹರಿದು ಬರೆದೆ. ಪ್ರತಿ ಸಲವೂ ಅರ್ಧಕ್ಕೆ ಬಂದಾಗ ನನಗೇ ಕಳೆದುಹೋದಂತಾಗುತ್ತಿತ್ತು. ಸರ್ವೇ ಮಾಸ್ತರರ ಉತ್ತರ ಬಂತು: "ಪತ್ರ ಪೂರ್ತಿ ತಿಳಿಯಲಿಲ್ಲ. ರಸ್ತೆ ಸರಿಯಾಗಿದೆ. ಧನ್ಯವಾದ."

ಒಂದು ತಿಂಗಳ ಮೇಲೆ ತಾರ್ ಸಾಹೇಬರು ತಾವಾಗಿಯೇ ಗದಗಕ್ಕೆ ಬಂದರು. ತಾವು ಕಾಳು ಸರಿಸಿ ನೋಡಿದ್ದನ್ನು ಯಂತ್ರ ಹೇಗೆ ಮಾಡುತ್ತದೆಂದು ನೋಡಬೇಕಿತ್ತು. ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡಿದ್ದರು. ಕುರ್ಚಿಯ ತುದಿಯಲ್ಲಿ ಕೂತರು. ನಾನು ಕಂಪೈಲರನ್ನು ಓಡಿಸಿದೆ. ಪರದೆಯ ಮೇಲೆ ಒಂದು ಚುಕ್ಕೆ ಮಿಣುಕಿತು, ಡ್ರೈವ್ ಗರಗರ ಎಂದಿತು, ಮುಗಿಯಿತು ಎಂಬ ಒಂದು ಸಾಲು ಬಂತು.

"ಆತೇನು?"

"ಆತ್ರಿ."

"ಎಲ್ಲಿ ಮಾಡಿತು? ಕಾಣಲಿಲ್ಲಲ್ಲ."

"ಕಾಣೂದಿಲ್ಲರಿ, ಸಾಹೇಬ್ರ."

ಅವರು ಕೆಟ್ಟ ಕಂಪೈಲರ್ ಇನ್ನೂ ಇದೆಯೇ ಎಂದು ಕೇಳಿದರು. ನನ್ನ ಗಂಡ ಅದನ್ನು ಬೇರೆ ಫ್ಲಾಪಿಯಲ್ಲಿ ಎತ್ತಿಟ್ಟಿದ್ದರು. ಅದನ್ನೂ ಓಡಿಸಿ ತೋರಿಸಿದೆ. ಅದೇ ಚುಕ್ಕೆ, ಅದೇ ಗರಗರ ಸದ್ದು, ಅದೇ ಸಾಲು.

"ಇನ್ನೊಮ್ಮಿ ಮೊದಲಿಂದು," ಎಂದರು. ತೋರಿಸಿದೆ. "ಈಗ ಕೆಟ್ಟದ್ದು." ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು.

"ತಂಗಿ, ಯಾವುದು ಯಾವುದಂತ ನಿನಗರೆ ಗೊತ್ತಾಗತೈತೇನು?"

ಇಲ್ಲ ಎಂದೆ. ಫ್ಲಾಪಿಯ ಮೇಲೆ ಅಂಟಿಸಿದ ಚೀಟಿ ನೋಡಿದರೆ ಮಾತ್ರ ಗೊತ್ತಾಗುತ್ತದೆ ಎಂದೆ. ಅವರು ತಲೆಯಾಡಿಸಿದರು. ಒಪ್ಪಿದರೋ, ನನ್ನ ಬಗ್ಗೆ ಮರುಕಪಟ್ಟರೋ ತಿಳಿಯಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ನಾವು ಮೂವರೂ ಆ ಕಪ್ಪು ಪರದೆಯ ಮುಂದೆ ಇನ್ನೂ ಒಂದು ಗಳಿಗೆ ಹಾಗೇ ಕೂತಿದ್ದೆವು. ಆಮೇಲೆ ನನ್ನ ಗಂಡ, "ಬರ್ರಿ ಸಾಹೇಬ್ರ, ಚಾ ಕುಡೀಯೂಣು," ಎಂದು ಎದ್ದರು.